ಬೇಡವೆಂಬ ಚೀಟಿ

ವಿಜ್ಞಾನ ಶಿಕ್ಷಕರಿಲ್ಲದ ಶಾಲೆಯಲ್ಲಿ ಬಿ.ಎ., ಬಿ.ಎಡ್. ಮಾಡಿದವರೇ ಜೀವಶಾಸ್ತ್ರವನ್ನೂ ಕಲಿಸಬೇಕಾಗುತ್ತಿದ್ದ ಕಾಲವದು. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಬೀದರ ಜಿಲ್ಲೆಗೆ ಸೇರಿದ್ದ ನಾರಾಯಣಖೇಡ ಸೀಮೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ, 1987ರಲ್ಲಿ, ಹತ್ತನೆಯ ತರಗತಿಗೆ ನಾವು ಡಿಎನ್‌ಎ ಪಾಠ ಮಾಡುತ್ತಿದ್ದೆವು. ನಮಗೆ ತಿಳಿದಿದ್ದ ಹೋಲಿಕೆಯನ್ನೇ ಹಿಡಿದೆವು. ಡಿಎನ್‌ಎ ಎಂದರೆ ತಹಶೀಲ ಕಚೇರಿಯ ಮೂಲ ದಸ್ತಾವೇಜು. ಆರ್‌ಎನ್‌ಎ ಅದರ ನಕಲನ್ನು ಒಯ್ಯುವ ಜವಾನ, ಅಷ್ಟೇ. ನಕಲು ತಲುಪಿದಲ್ಲಿ ರೈಬೋಸೋಮ್ ಅದನ್ನೋದಿ ಪ್ರೋಟೀನು ಕಟ್ಟುತ್ತದೆ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ, ಚೀಟಿ ಹೋದ ಮ್ಯಾಲ ಆ ಕೆಲಸ ಬ್ಯಾಡಾದ್ರ, ಬ್ಯಾಡ ಅಂತ ಹೇಳೋರು ಯಾರ್ರಿ?”

ನಮಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನುವ ಧೈರ್ಯವೂ ಇರಲಿಲ್ಲ. “ಪುಸ್ತಕದಾಗ ಇದ್ದಷ್ಟು ಕೇಳು, ಕೂಡು” ಎಂದು ಗದರಿಸಿದೆವು. ಆ ವರ್ಷವೆಲ್ಲ ಆಕೆ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಕಳೆದ ಶ್ರಾವಣದಲ್ಲಿ ಆಕೆ ನಮ್ಮ ಮನೆಗೆ ಬಂದಳು. ಈಗ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಾಳೆ. ನಾವೇ ಆ ಮಾತು ತೆಗೆದೆವು. ಆಕೆ ನಕ್ಕು, ಬೇಡವೆಂದು ಹೇಳುವುದೂ ಆರ್‌ಎನ್‌ಎಯೇ ಎಂದಳು. ನಮ್ಮ ಕರುಳಿನಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಅಂಥ ಒಂದು ಕಿರು ಆರ್‌ಎನ್‌ಎಯನ್ನು ಇನೋಯೆ ಅವರ ತಂಡ ಅಮೆರಿಕದಲ್ಲಿ ಕಂಡು ಪ್ರಕಟಿಸಿದ್ದು 1984ರಲ್ಲಿ. ನಾವು ಗದರಿಸುವುದಕ್ಕೆ ಮೂರು ವರ್ಷ ಮೊದಲೇ! (2024ರ ನೊಬೆಲ್ ಬಂದುದು ಹುಳುವಿನಲ್ಲಿ ಮೊದಲು ಕಂಡ ಮೈಕ್ರೋ ಆರ್‌ಎನ್‌ಎಗೆ, ಅದು ಇದರ ದೂರದ ಬಂಧು.)

ಆಕೆ ಹೇಳಿದ ಉದಾಹರಣೆಗಳಲ್ಲಿ ನಮ್ಮ ಮನಸ್ಸಿಗೆ ನಾಟಿದ್ದು ಕಬ್ಬಿಣದ್ದು. ಬ್ಯಾಕ್ಟೀರಿಯಾಕ್ಕೂ ಕಬ್ಬಿಣ ಬೇಕು. ಅದು ಸಾಕಷ್ಟಿರುವಾಗ ಫರ್ ಎಂಬ ಪ್ರೋಟೀನು ಒಂದು ಜೀನಿನ ಬಾಯಿ ಕಟ್ಟಿ ಕುಳಿತಿರುತ್ತದೆ. ಕಬ್ಬಿಣ ಕಡಿಮೆಯಾದೊಡನೆ ಫರ್ ಕೈಬಿಡುತ್ತದೆ. ಆಗ ಆ ಜೀನಿನಿಂದ ಸುಮಾರು 90 ಅಕ್ಷರಗಳ ರೈ-ಬಿ ಎಂಬ ಕಿರು ಆರ್‌ಎನ್‌ಎ ಹುಟ್ಟುತ್ತದೆ. ಕಬ್ಬಿಣ ಬೇಡುವ, ಆದರೆ ಸದ್ಯಕ್ಕೆ ಇಲ್ಲದಿದ್ದರೂ ನಡೆಯುವ ಪ್ರೋಟೀನುಗಳ ನಕಲುಗಳನ್ನು ಅದು ಹುಡುಕಿ, ಎ ಇದ್ದಲ್ಲಿ ಯು, ಜಿ ಇದ್ದಲ್ಲಿ ಸಿ ಎಂದು ಅಕ್ಷರಕ್ಕೆ ಅಕ್ಷರ ಕೂಡಿಸಿ ಅಂಟಿಕೊಳ್ಳುತ್ತದೆ. ರೈಬೋಸೋಮ್ ಕೂಡುವ ಜಾಗವೇ ಮುಚ್ಚಿಹೋಗುತ್ತದೆ. ಎಚ್‌ಎಫ್‌ಕ್ಯೂ ಎಂಬ ಪ್ರೋಟೀನು ಇವೆರಡನ್ನು ಕೂಡಿಸಿಕೊಡುತ್ತದೆ. ಮುಂದೆ ಕತ್ತರಿಸುವ ಕಿಣ್ವ ಬಂದು ಚೀಟಿಯನ್ನೂ ನಕಲನ್ನೂ ಹರಿದು ಹಾಕುತ್ತದೆ. ಉಳಿದ ಕಬ್ಬಿಣ ಅತ್ಯವಶ್ಯವಾದ ಕೆಲಸಗಳಿಗೆ ಸಿಗುತ್ತದೆ. ಈ ಮಿತವ್ಯಯವನ್ನು ಮಾಸ್ಸೆ ಮತ್ತು ಗಾಟ್ಸ್‌ಮನ್ 2002ರಲ್ಲಿ ತೋರಿಸಿಕೊಟ್ಟರು.

ಇದನ್ನು ಕೇಳುತ್ತಿದ್ದಂತೆ ನಮಗೆ 1972ರ ಬರ ನೆನಪಾಯಿತು. ಹಗೇವಿನ ಜೋಳ ಇಳಿಯುತ್ತ ಬಂದಾಗ ಅವ್ವ ಯಾರಿಗೂ ಕಾರಣ ಹೇಳಲಿಲ್ಲ. ಹಬ್ಬದ ಹೋಳಿಗೆ ನಿಂತಿತು, ಬೀಗರೂಟ ಮುಂದಕ್ಕೆ ಹೋಯಿತು. ಬಿತ್ತನೆಯ ಜೋಳ ಮಾತ್ರ ಒಂದು ಸೇರೂ ಕದಲಲಿಲ್ಲ.

ಶಿಷ್ಯೆ ನಮ್ಮನ್ನು ಹಿತ್ತಲಿನಾಚೆಯ ಹೊಲಕ್ಕೆ ಕರೆದೊಯ್ದು ಒಂದು ಸೋಯಾ ಗಿಡ ಕಿತ್ತಳು. ತೊಗರಿ ಗಿಡ ಕಿತ್ತು ಬೇರಿನ ಗಂಟು ತೋರಿಸುವುದು ನಮಗೆ ಹಳೆಯ ಅಭ್ಯಾಸ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಾಗ ಗಂಟಿನ ಬ್ಯಾಕ್ಟೀರಿಯಾಕ್ಕೂ ಪಾಲಿದೆ ಎಂದು ಹೇಳಿಕೊಂಡು ತಿರುಗಿದವರು ನಾವು. ಆಕೆ ಸೋಯಾ ಗಂಟನ್ನು ಉಗುರಿನಿಂದ ಸೀಳಿ ಒಳಗಿನ ಕೆಂಪನ್ನು ತೋರಿಸಿದಳು. ಆ ಬಣ್ಣಕ್ಕೂ ಕಬ್ಬಿಣವೇ ಕಾರಣ. ಆ ಬ್ಯಾಕ್ಟೀರಿಯಾದ ಆರ್‌ಎನ್‌ಎ ತುಣುಕುಗಳು ಸೋಯಾ ಗಿಡದ ಒಳಗೇ ಹೋಗಿ, ಗಂಟು ಕಟ್ಟುವುದನ್ನು ತಡೆಯುವ ಗಿಡದ ಜೀನುಗಳನ್ನು ಸುಮ್ಮನಾಗಿಸುತ್ತವೆಂದು 2019ರಲ್ಲಿ ತಿಳಿದುಬಂದಿದೆಯಂತೆ. ಬೇಡವೆಂಬ ಚೀಟಿ ನೆರೆಮನೆಗೂ ಹೋಗುತ್ತದೆಂದಾಯಿತು. ಆ ಮಾತು ನಮಗೆ ಇನ್ನೂ ಪೂರ್ತಿ ಅರಗಿಲ್ಲ.

ಈ ಸಮ್ಮೇಳನದಲ್ಲಿ ಇದನ್ನೆಲ್ಲ ಕನ್ನಡದಲ್ಲಿ ಹೇಳಬೇಕೆಂದು ಆಕೆಯನ್ನು ಬೇಡಿಕೊಂಡೆವು. ಅಂದಿನ ನಮ್ಮ ಗದರಿಕೆಗೆ ಕ್ಷಮೆಯನ್ನೂ ಕೇಳಿದೆವು. ಕ್ಷಮೆಯ ಮಾತನ್ನು ಆಕೆ ತೇಲಿಸಿಬಿಟ್ಟಳು. ಭಾಷಣಕ್ಕೆ ಮಾತ್ರ ಒಂದು ಕರಾರು ಹಾಕಿದಳು:

“ಪ್ರಶ್ನೆ ಕೇಳಾಕ ಅರ್ಧ ತಾಸು ಬಿಡಬೇಕ್ರಿ, ಸರ. ಹಿಂದಿನ ಸಾಲಿನವರಿಗೆ ಮೊದಲು.”