ಶಿಲ್ಕು ಓದುವ ಹೊತ್ತಿಗೆ ಸಭೆ ಖಾಲಿ

ಮಾರ್ಚ್ ಬಂತೆಂದರೆ ನಮ್ಮ ಕಡೆ ಮಾವಿನ ಮಿಡಿಯ ಜೊತೆಗೆ ಜಲ್ಲಿ ಲಾರಿಗಳೂ ಬರುತ್ತವೆ. ವರ್ಷವಿಡೀ ಯಾರ ಕಣ್ಣಿಗೂ ಬೀಳದ ಚರಂಡಿಗೆ ಆಗ ದಿಢೀರನೆ ಯೋಗ ಕೂಡಿಬರುತ್ತದೆ. 31ರೊಳಗೆ ಬಿಲ್ ಪಾಸಾಗಬೇಕು. ಸಿಮೆಂಟು ಆಮೇಲೆ ನಿಧಾನಕ್ಕೆ ಒಣಗಿದರೂ ನಡೆಯುತ್ತದೆ.

ಪಂಚಾಯಿತಿಯವರನ್ನು ಬೈಯುವುದು ಸುಲಭ, ನಾನೂ ಬೈಯುತ್ತೇನೆ. ಆದರೆ ಕ್ರಿಯಾಯೋಜನೆ ಬರೆದು, ಮೇಲಿನವರ ಅನುಮೋದನೆ ಪಡೆದು, ಕಂತು ಖಾತೆಗೆ ಬೀಳುವಷ್ಟರಲ್ಲಿ ಎಷ್ಟೋ ಸಲ ಸಂಕ್ರಾಂತಿ ಕಳೆದಿರುತ್ತದೆ. ಬಿದ್ದ ದುಡ್ಡೂ ಮನಸ್ಸಿಗೆ ಬಂದಂತೆ ಖರ್ಚು ಮಾಡುವಂಥದ್ದಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅನುದಾನದಲ್ಲಿ ನೂರಕ್ಕೆ 60 ಪಾಲನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಉಳಿದ 40ರಲ್ಲಿ ಸಂಬಳ ಕೊಡುವಂತಿರಲಿಲ್ಲ. ಸೊಸೆಯ ಕೈಗೆ ದಿನಸಿ ಕೊಟ್ಟ ಅತ್ತೆ ಅಡುಗೆಯ ಪಟ್ಟಿಯನ್ನೂ ತಾನೇ ಬರೆದಿಟ್ಟ ಹಾಗೆ.

ಪಂಚಾಯಿತಿ ತನ್ನದು ಎಂದು ಹೇಳಿಕೊಳ್ಳಬಹುದಾದದ್ದು ಮನೆ ಕಂದಾಯ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಲೈಸೆನ್ಸ್ ಫೀಸು. ಅಲ್ಲಿ ನಮ್ಮ ಬಂಡವಾಳ ಬಯಲಾಗುತ್ತದೆ. ಗೃಹಪ್ರವೇಶಕ್ಕೆ ಮೂರು ಬಗೆ ಸಿಹಿ ಬಡಿಸಿದ ಯಜಮಾನರು ಬಿಲ್ ಕಲೆಕ್ಟರನ್ನು ಕಂಡೊಡನೆ "ಮೊದಲು ಬೀದಿ ದೀಪ ಹಾಕಿಸ್ರೀ, ಆಮೇಲೆ ಕಂದಾಯ" ಎನ್ನುತ್ತಾರೆ. ಆ ದೀಪದ ಕರೆಂಟು ಬಿಲ್ಲು ಕಟ್ಟುವವರು ಯಾರೆಂದು ಅವರಿಗೂ ಗೊತ್ತು. ಮಾಮೂಲಿ ಮಾತು, ಬಿಡಿ. ಮತ ಕೇಳಲು ಬರುವ ಸದಸ್ಯರಿಗೂ ಕಂದಾಯದ ಮಾತೆತ್ತುವ ಧೈರ್ಯವಿಲ್ಲ. ಬೈಸಿಕೊಳ್ಳುವ ಕೆಲಸ ಪಿಡಿಒ ಪಾಲಿಗೆ.

ಇನ್ನು ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಕಾಯ್ದೆಯಿದೆ. ಆಶ್ರಯ ಮನೆಯ ಪಟ್ಟಿ ಓದುವ ದಿನ ನಿಲ್ಲಲು ಜಾಗವಿರುವುದಿಲ್ಲ. "ಪ್ರಾರಂಭಿಕ ಶಿಲ್ಕು..." ಎಂದು ಜಮಾ-ಖರ್ಚು ಓದಲು ಶುರುವಾದರೆ ಸಾಕು, ಅರ್ಧ ಸಭೆ ಟೀ ಅಂಗಡಿಯಲ್ಲಿರುತ್ತದೆ. ಅಲ್ಲಿ ಚರ್ಚೆ ಮಾತ್ರ ಜೋರು: ಕೇಂದ್ರದ ಬಜೆಟ್ಟಿನಲ್ಲಿ ಹಣಕಾಸು ಸಚಿವರು ಎಲ್ಲಿ ಎಡವಿದರು ಅಂತ! ಲಕ್ಷ ಕೋಟಿಗಳ ಲೆಕ್ಕ ನಾಲಗೆಯ ತುದಿಯಲ್ಲಿದೆ, ಪಕ್ಕದ ಬೋರ್‌ವೆಲ್ ಮೋಟಾರಿಗೆ ಎಷ್ಟು ಬಿತ್ತೋ ಗೊತ್ತಿಲ್ಲ.

ಪಂಚಾಯಿತಿಯ ಪುಸ್ತಕ, ಬಿಲ್ಲು, ಕಾಮಗಾರಿಗಳನ್ನು ಊರವರ ಮುಂದೆ ತೆರೆದಿಡಲೆಂದೇ ವರ್ಷಕ್ಕೊಮ್ಮೆ ಜಮಾಬಂದಿ ಇದೆ. ಈ ಸಲ ನೀವೂ ಹೋಗಿ. ನಿಮ್ಮ ಬೀದಿಯ ಕಾಮಗಾರಿಯ ಅಳತೆ ಪುಸ್ತಕ ಕೇಳಿ, ಜೊತೆಗೊಂದು ಟೇಪೂ ಇರಲಿ. ಕಂದಾಯದ ರಸೀದಿ ಜೇಬಿನಲ್ಲಿದ್ದರೆ ದನಿ ಇನ್ನಷ್ಟು ಗಟ್ಟಿಯಾಗಿ ಬರುತ್ತದೆ.