ಅವ್ವ ಓದಿದ ಬೋರ್ಡು

ಬೆಂಗಳೂರು ದೂರದರ್ಶನ ಶುರುವಾಗುವುದಕ್ಕೆ ಆರು ವರ್ಷ ಮೊದಲೇ ನಾನು ಟಿ.ವಿ. ನೋಡಿದ್ದೇನೆ, ಅದೂ ಜೇವರ್ಗಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಕುಳಿತು, ಎಂದರೆ ನಾಲ್ಕನೇ ತರಗತಿಯ ಮೊಮ್ಮಗಳು ನಂಬುವುದಿಲ್ಲ. ‘ಸುಳ್ಳು ಹೇಳಲತ್ತಿ ಮುತ್ಯಾ. ನಿಮ್ಮೂರಿಗಿ ಬಸ್ಸೇ ಬರ್ತಿದ್ದಿಲ್ಲ ಅಂತಿದ್ದಿ. ಟಿ.ವಿ. ಹ್ಯಾಂಗ ಬಂತು?’

ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮೂರಿಗೆ ಟಿ.ವಿ. ಮೊದಲು ಬಂತು, ಬಸ್ಸು ಆಮೇಲೆ ಬಂತು.

1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಪ್ರಯೋಗ ಶುರುವಾಯಿತು. ಅಮೆರಿಕದ ನಾಸಾದವರು ತಮ್ಮ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕೆ ಕೊಟ್ಟಿದ್ದರು. ನಮ್ಮ ಇಸ್ರೋದವರು ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ಟಿ.ವಿ. ಇಟ್ಟರು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳನ್ನು. ಹಿಂದುಳಿದ ಜಿಲ್ಲೆ ಎಂಬ ಹಣೆಪಟ್ಟಿಯಿಂದ ನಮಗೆ ಆದ ಲಾಭ ಅದೊಂದೇ ಇರಬೇಕು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಅವು ಮುಗಿಲಿಗೆ ಏರಿ, ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹ ಮುಟ್ಟಿ, ನಮ್ಮ ಶಾಲೆಯ ಮೇಲೆ ಇಳಿಯುತ್ತಿದ್ದವು.

ಈಗ ಮನೆಮನೆಯ ಮಾಳಿಗೆಯ ಮೇಲಿರುವ ಡಿಶ್ ಒಂದು ಪರಾತದಷ್ಟು ಇರುತ್ತದೆ. ಆಗಿನದು ಹತ್ತು ಅಡಿ ಅಗಲ. ಕೋಳಿಗೂಡಿಗೆ ಬಡಿಯುವಂಥ ತಂತಿ ಜಾಳಿಗೆಯಿಂದ ಮಾಡಿದ್ದು, ಬೋರಲು ಬಿದ್ದ ಕೊಡೆಯನ್ನು ಯಾರೋ ತಿರುವಿ ಇಟ್ಟಂತೆ ಕಾಣುತ್ತಿತ್ತು. ಮುಂಜಾನೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆಲ್ಲ. ಬೇಸಾಯ, ಆರೋಗ್ಯ, ಹಾಡು, ನಾಟಕ. ಎಲ್ಲವೂ ಕಪ್ಪು-ಬಿಳುಪು. ಗಂಡಸರು ಮುಂದೆ, ನಾವು ಹುಡುಗರು ಗಂಡಸರಿಗಿಂತ ಮುಂದೆ, ಹೆಂಗಸರು ರೊಟ್ಟಿ ಬಡಿದು ಮುಗಿಸಿ ಬಂದು ಕಟ್ಟಕಡೆಗೆ ಗೋಡೆಗೆ ಒರಗಿ.

ಅವ್ವನೂ ಅಲ್ಲೇ ಕೂಡುತ್ತಿದ್ದಳು. ಒಂದು ಸಂಜೆ ಪರದೆಯ ಮೇಲೆ ಒಬ್ಬ ಹೆಂಗಸು ಕಾಗದ ಹಿಡಿದು ಓದಿದಳು. ಏನು ಓದಿದಳೋ ನೆನಪಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ಅವ್ವ ಕೇಳಿದಳು: ‘ಆಕಿ ಓದಿದಂಗ ನಂಗೂ ಬರ್ತದೇನೋ?’

ನಾನು ನಕ್ಕೆ. ಹತ್ತು ವರ್ಷದ ಹುಡುಗ, ಶಾಲೆಯಲ್ಲಿ ಮಗ್ಗಿ ಹೇಳಿ ಶಹಬ್ಬಾಸ್ ಅನಿಸಿಕೊಂಡವ. ‘ನಿಂಗಾ? ಈ ವಯಸ್ಸಿನಾಗಾ?’ ಅಂದೆ. ಆಗ ಅವ್ವನಿಗೆ ಮೂವತ್ತೈದು ಇರಬೇಕು. ಇದನ್ನು ಓದುತ್ತಿರುವ ಎಷ್ಟೋ ಮಕ್ಕಳ ಅಮ್ಮಂದಿರ ವಯಸ್ಸು. ಅವ್ವ ಮತ್ತೆ ಕೇಳಲಿಲ್ಲ.

ಮುಂದಿನ ವರ್ಷ ಜುಲೈ 31ಕ್ಕೆ ಉಪಗ್ರಹ, ಎರವಲು ತಂದ ಎತ್ತಿನ ಹಾಗೆ, ವಾಪಸು ಹೋಯಿತು. ನಾವು ನಾಲ್ಕು ದಿನ ಶಾಲೆಯ ಮುಂದೆ ಸುಮ್ಮನೆ ಕೂತು ಎದ್ದು ಬಂದೆವು. 1977ರಲ್ಲಿ ಗುಲ್ಬರ್ಗಾದಲ್ಲೇ ಟಿ.ವಿ. ಕೇಂದ್ರ ಆಯಿತು. ಬೆಂಗಳೂರಿನದು 1981ರಲ್ಲಿ. ಮೊಮ್ಮಗಳಿಗೆ ಈ ಲೆಕ್ಕ ಹೇಳುವಾಗ ನನಗೆ ಸ್ವಲ್ಪ ಜಂಬ ಬರುವುದು ನಿಜ. ಆದರೆ ಗುಲ್ಬರ್ಗಾದ ಅಲೆ ನಮ್ಮೂರಿನ ತನಕ ಬರುವಷ್ಟರಲ್ಲಿ ಸುಸ್ತಾಗುತ್ತಿತ್ತು. ಪರದೆ ತುಂಬ ಯಾರೋ ಜೋಳ ಚೆಲ್ಲಿದಂತೆ ಕಾಣುತ್ತಿತ್ತು.

ನಾನು ಮಾಸ್ತರನಾದೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಕರೆತಂದು ಗುಲ್ಬರ್ಗಾದಲ್ಲಿ ಬಾಡಿಗೆ ಮನೆ ಮಾಡಿದೆ. ನೌಕರಿ ಮೊದಲು ಅಫಜಲಪುರ ತಾಲ್ಲೂಕಿನಲ್ಲಿ, ಆಮೇಲೆ ಆಳಂದ ತಾಲ್ಲೂಕಿನಲ್ಲಿ, ಕೊನೆಗೆ ಜೇವರ್ಗಿಯಲ್ಲಿ. ಮನೆ ಒಂದು ಕಡೆ, ಶಾಲೆ ಒಂದು ಕಡೆ. ನಮ್ಮ ಕಡೆ ಇದಕ್ಕೆ ‘ಅಪ್ ಡೌನ್’ ಮಾಡುವುದು ಎನ್ನುತ್ತಾರೆ. ‘ಸರ್, ಊರಾಗೇ ಇರ್ತೀರೋ, ಅಪ್ ಡೌನ್ ಮಾಡ್ತೀರೋ?’ ಎಂದು ಕೇಳಿದರೆ ಅದರೊಳಗೆ ಒಂದು ಸಣ್ಣ ಚುಚ್ಚು ಇರುತ್ತದೆ.

ಅಪ್ ಡೌನ್ ಮಾಡುವವರ ಬಸ್ಸೆಂದರೆ ಅದೊಂದು ಮನೆ. ಕಿಟಕಿಯಿಂದ ಕರವಸ್ತ್ರ ಒಗೆದು ಸೀಟು ಹಿಡಿಯುವವರು, ಹಾಜರಿ ಪುಸ್ತಕ ತೊಡೆಯ ಮೇಲಿಟ್ಟು ಲೆಕ್ಕ ಕೂಡಿಸುವವರು. ನಮ್ಮ ಶಿಕ್ಷಕಿಯರು ಮೆಂತೆ ಪಲ್ಯ ಸೋಸುತ್ತ, ಬಳ್ಳೊಳ್ಳಿ ಸುಲಿಯುತ್ತ ಬರುತ್ತಿದ್ದರು. ಗುಲ್ಬರ್ಗಾದಿಂದ ಹೊರಟಾಗ ಗಡ್ಡೆ, ಚೌಡಾಪುರ ಬರುವಷ್ಟರಲ್ಲಿ ಎಸಳು. ಗುರುವಾರ ಮತ್ತು ಹುಣ್ಣಿಮೆಗೆ ಮಾತ್ರ ಆ ದಾರಿಯಲ್ಲಿ ಏನೂ ನಡೆಯುತ್ತಿರಲಿಲ್ಲ. ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟವರಿಂದ ಬಸ್ಸು ಕಿಕ್ಕಿರಿದು, ಕೈ ಎತ್ತಿದರೆ ಇಳಿಸಲು ಜಾಗ ಇರುತ್ತಿರಲಿಲ್ಲ. ಈಗ ಬಹಳ ಮಂದಿ ಕಿವಿಗೆ ವೈರು ಹಾಕಿಕೊಂಡು ಕೂಡುತ್ತಾರೆ. ಫೋನು ಕೆಟ್ಟದ್ದು ಎನ್ನುವವ ನಾನಲ್ಲ, ನಾನೂ ನೋಡುತ್ತೇನೆ. ಆದರೆ ಬಳ್ಳೊಳ್ಳಿಯ ವಾಸನೆಯಿಲ್ಲದ ಬಸ್ಸು ನನಗೆ ಇನ್ನೂ ರೂಢಿಯಾಗಿಲ್ಲ.

ವಾರಕ್ಕೊಮ್ಮೆ ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿಯಲ್ಲಿ ವಾರಪತ್ರಿಕೆ ಕೊಳ್ಳುತ್ತಿದ್ದೆ. ಹೋಗುವಾಗ ಧಾರಾವಾಹಿ, ಬರುವಾಗ ಉಳಿದದ್ದು. ರಾತ್ರಿ ಅವ್ವ ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಕುಳಿತು ಆ ವಾರದ ಕಂತು ಹೇಳಬೇಕು. ಒಂದು ವಾರ ಪತ್ರಿಕೆ ಸಿಗಲಿಲ್ಲ. ಇರಲಿ ಎಂದು ನಾನೇ ಒಂದು ಕಂತು ಕಟ್ಟಿ ಹೇಳಿದೆ. ಅವ್ವ ರೊಟ್ಟಿ ತಿರುವುತ್ತ ಅಂದಳು: ‘ಆಕಿ ಹೋದ ವಾರ ತವರಿಗಿ ಹೋಗ್ಯಾಳ. ಇವತ್ತ ಅತ್ತಿ ಮನಿ ಬಾವ್ಯಾಗ ಹ್ಯಾಂಗ ನೀರು ಸೇದಲತ್ತಾಳ? ಪುಸ್ತಕ ತಂದಿಲ್ಲಂತ ಹೇಳು.’

ಕಂತಿನ ಕೊನೆಗೆ ‘ಮುಂದುವರಿಯುವುದು’ ಎಂದು ಅಚ್ಚಾಗಿರುತ್ತದಲ್ಲ, ಆ ಪದ ಅವ್ವನಿಗೆ ಗುರುತು ಸಿಕ್ಕಿತ್ತು. ಅಕ್ಷರ ಬಂದಲ್ಲ, ಮಂದಿಯ ಮಾರಿ ಗುರುತು ಹಿಡಿಯುತ್ತೇವಲ್ಲ, ಹಾಗೆ. ಪುಟದ ಮೇಲೆ ಬೆರಳಿಟ್ಟು ‘ಇದು ಬಂತಂದ್ರ ಕತಿ ನಿಂತಂಗ’ ಅನ್ನುತ್ತಿದ್ದಳು. ನಾನು ಮತ್ತೆ ನಗುತ್ತಿದ್ದೆ. ಅದೊಂದು ಮೋಜು ಅಂದುಕೊಂಡಿದ್ದೆ.

ತೊಂಬತ್ತರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನ ಬಂತು. ನಾನು ಅಫಜಲಪುರ ತಾಲ್ಲೂಕಿನ ಹಳ್ಳಿಯಲ್ಲಿ ರಾತ್ರಿ ಉಳಿದು, ಕಂದೀಲಿನ ಬೆಳಕಿನಲ್ಲಿ ಕೂಲಿಯಿಂದ ಬಂದ ಹೆಣ್ಣುಮಕ್ಕಳಿಗೆ ಪಾಟಿಯ ಮೇಲೆ ಹೆಸರು ಬರೆಯುವುದನ್ನು ಕಲಿಸಿದೆ. ಹೆಬ್ಬೆಟ್ಟಿನವರು ರುಜು ಮಾಡಿದಾಗ ನಾನೇ ಗೆದ್ದಂತೆ ಕುಣಿದೆ. ಮನೆಗೆ ಬಂದು ಅವ್ವನ ಮುಂದೆ ಹೇಳಿದೆ. ‘ಎಷ್ಟು ಮಂದಿ ಕಲತ್ರು?’ ಎಂದಳು. ‘ಇಪ್ಪತ್ತಮೂರು’ ಅಂದೆ. ‘ಚಲೋ ಆತು’ ಎಂದು ಹಿಟ್ಟಿನ ಪರಾತಕ್ಕೆ ಕೈ ಹಾಕಿದಳು. ಅಷ್ಟೇ. ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಅವ್ವನ ತವರು ಜೇವರ್ಗಿಯ ಆಚೆ. ತಂಗಿಯ ಮಗಳಿಗೆ ಕುಬಸದ ಕಾರ್ಯ ಇಟ್ಟಿದ್ದರು. ನನಗೆ ರಜೆ ಇಲ್ಲ. ಮಗಳು ಒಂದನೇ ತರಗತಿ, ನನ್ನಾಕೆಗೆ ಅವಳನ್ನು ಬಿಟ್ಟು ಹೋಗಲಾಗದು. ‘ನಾನೇ ಹೋಗ್ತೀನಿ ತಗೋ, ಜೇವರ್ಗಿ ಬೋರ್ಡು ನಂಗ ಗೊತ್ತದ’ ಎಂದು ಅವ್ವ ಕುಬಸದ ಖಣ, ಶೇಂಗಾದ ಉಂಡಿ ಚೀಲದಲ್ಲಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಬೋರ್ಡು ನೋಡಿದಳು. ಬಸ್ಸು ಹತ್ತಿದಳು.

ಬೋರ್ಡಿನ ಮೇಲೆ ‘ಜೇವರ್ಗಿ – ಗುಲ್ಬರ್ಗಾ – ಆಳಂದ’ ಎಂದಿತ್ತು. ಜೇವರ್ಗಿಯಿಂದ ಬಂದ ಬಸ್ಸು ಅದು, ಆಳಂದಕ್ಕೆ ಹೊರಟಿತ್ತು. ದಕ್ಷಿಣಕ್ಕೆ ಹೋಗಬೇಕಾದವಳು ವಾಯವ್ಯಕ್ಕೆ ಹೊರಟಳು. ಬಸ್ಸಿನಲ್ಲಿ ಗದ್ದಲ. ಕಂಡಕ್ಟರ್ ಅವ್ವನ ತನಕ ಬರುವಷ್ಟರಲ್ಲಿ ಊರು ದಾಟಿ ಬಹಳ ಮುಂದೆ ಹೋಗಿತ್ತು. ‘ಯವ್ವಾ, ಇದು ಆಳಂದ ಗಾಡಿ. ಬಿಸಿಲಾಗ ನಡುದಾರ್ಯಾಗ ಇಳೀಬ್ಯಾಡ. ಆಳಂದ ಸ್ಟ್ಯಾಂಡಿನಾಗ ಇಳದು ತಿರುಗಿ ಬಾ’ ಎಂದನಂತೆ. ಒಳ್ಳೆಯ ಮನುಷ್ಯ. ಆಗ ನನ್ನ ಶಾಲೆ ಅದೇ ರಸ್ತೆಯಲ್ಲಿತ್ತು. ಆ ಬಸ್ಸು ನಮ್ಮ ಶಾಲೆಯ ಮುಂದಿನಿಂದಲೇ ಹೋಗಿರಬೇಕು. ಆ ಹೊತ್ತಿಗೆ ನನಗೆ ಒಂದನೇ ತರಗತಿಯ ಪೀರಿಯಡ್ ಇತ್ತು.

ಆಳಂದದಲ್ಲಿ ಇಳಿದವಳಿಗೆ ಈಗ ಯಾವ ಬೋರ್ಡಿನ ಮೇಲೂ ಭರವಸೆ ಇಲ್ಲ. ಬಂದ ಬಸ್ಸುಗಳನ್ನೆಲ್ಲ ಬಿಟ್ಟು ಕುಳಿತಳು. ಇಳಿಹೊತ್ತಿಗೆ ಹೂ ಮಾರುವ ಹೆಣ್ಣುಮಗಳೊಬ್ಬಳು ಕೈ ಹಿಡಿದು ಹತ್ತಿಸಿದಳಂತೆ. ದೀಪ ಹಚ್ಚುವ ಹೊತ್ತಿಗೆ ಅವ್ವ ಮನೆ ಮುಟ್ಟಿದಳು. ಖಣ ಹಾಗೇ ಇತ್ತು. ಉಂಡಿಯಲ್ಲಿ ಅರ್ಧ ಆಳಂದ ಬಸ್ ಸ್ಟ್ಯಾಂಡಿನ ಮಕ್ಕಳ ಪಾಲಾಗಿತ್ತು.

‘ಯಾರನ್ನರ ಕೇಳಬಾರದಾ ಅವ್ವಾ?’ ಎಂದು ನಾನು ದನಿ ಎತ್ತಿದೆ. ಹೆದರಿಕೆಗೆ ಸಿಟ್ಟು ಬಂದಿತ್ತು. ಅವ್ವ ಕಾಲು ತೊಳೆದು ಬಂದು ನಿಧಾನ ಹೇಳಿದಳು: ‘ಜೇವರ್ಗಿ ಅಂತ ಬರದಿತ್ತೋ ತಮ್ಮಾ. ನಾ ಖರೇನೇ ಓದೀನಿ. ಅದರ ಮುಂದಿಂದು ಓದಲಕ್ಕ ಬರಲಿಲ್ಲ.’

ಊಟ ಮಾಡಲಾಗಲಿಲ್ಲ ನನಗೆ. ಮರುದಿನ ಸಂಜೆ ಮಗಳ ಪಾಟಿ ತೆಗೆದುಕೊಂಡು ಅವ್ವನ ಮುಂದೆ ಕುಳಿತು ‘ಅ’ ಬರೆದೆ. ‘ಅ ಅಂದ್ರ ಅರಸ’ ಅಂದೆ. ‘ಅರಸನ ತಗೊಂಡು ನಾ ಏನು ಮಾಡಲಿ? ಬಸ್ಸಿಂದು ಕಲಸು’ ಎಂದಳು.

ಹೀಗೆ ನಮ್ಮ ಮನೆಯ ವರ್ಣಮಾಲೆ ಬಸ್ ಸ್ಟ್ಯಾಂಡಿನಿಂದ ಶುರುವಾಯಿತು. ಮಕ್ಕಳೇ, ನೀವೂ ಬರೆದು ನೋಡಿ. ‘ಅಫಜಲಪುರ’ ನೋಡಲು ಉದ್ದ, ಆದರೆ ಬಹಳ ಸುಲಭ. ಒಂದೂ ಒತ್ತಕ್ಷರವಿಲ್ಲ, ‘ಪು’ ಒಂದಕ್ಕೆ ಕೊಂಬು, ಉಳಿದವೆಲ್ಲ ನೆಟ್ಟಗೆ ನಿಂತಿವೆ. ಎರಡೇ ದಿನದಲ್ಲಿ ಬಂತು. ‘ಶಹಾಪುರ’, ‘ಸುರಪುರ’ ಬರೆದು ತೋರಿಸಿದಾಗ ನಾನು ಹೇಳುವ ಮೊದಲೇ ಅವ್ವ ಬೆರಳಿಟ್ಟಳು: ‘ಇವೆಲ್ಲಾ ಅಕ್ಕ-ತಂಗಿ ಇದ್ದಂಗ ಅವ. ಬಾಲ ಒಂದೇ.’ ‘ಆಳಂದ’ದ ಸೊನ್ನೆ ಆಕೆಗೆ ಇಷ್ಟವಾಯಿತು, ಹಣೆಯ ಕುಂಕುಮದ ಹಾಗೆ ಅದ ಎಂದಳು. ಕಷ್ಟ ಕೊಟ್ಟಿದ್ದು ಆಕೆಯ ತವರಿನ ಜೇವರ್ಗಿಯೇ. ಅದರ ಅರ್ಕಾವತ್ತು ನೋಡಿ: ಬಾಯಲ್ಲಿ ‘ರ್’ ಮೊದಲು, ‘ಗಿ’ ಆಮೇಲೆ, ಬರೆಯುವಾಗ ‘ಗಿ’ ಮೊದಲು, ‘ರ್’ ಅದರ ಹಿಂದೆ. ‘ಮೊದಲು ಅಂದಿದ್ದನ್ನ ಹಿಂದ ಬರೀತೀರಿ. ಇದ್ಯಾವ ನ್ಯಾಯ?’ ಎಂದು ಅವ್ವ ಜಗಳಕ್ಕೇ ನಿಂತಳು. ನನ್ನಲ್ಲಿ ಉತ್ತರ ಇರಲಿಲ್ಲ. ಮೂವತ್ತೈದು ವರ್ಷದ ನೌಕರಿಯಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹಾಗೆ ಕೇಳಿಲ್ಲ.

(2014ರಲ್ಲಿ ಊರಿನ ಹೆಸರು ಕಲಬುರಗಿ ಎಂದಾಯಿತು. ಅಷ್ಟರಲ್ಲಿ ಅವ್ವ ಇರಲಿಲ್ಲ. ಇದ್ದಿದ್ದರೆ ‘ಗುಲ್ಬರ್ಗಾ’ದ ಒತ್ತು, ಅರ್ಕಾವತ್ತು ಎರಡೂ ಕಳೆದವೆಂದು ಖುಷಿಪಡುತ್ತಿದ್ದಳೋ, ಕಷ್ಟಪಟ್ಟು ಕಲಿತದ್ದು ನೀರಾಯಿತೆಂದು ಬೈಯುತ್ತಿದ್ದಳೋ ತಿಳಿಯದು.)

ವಾರಪತ್ರಿಕೆ ಓದುವಷ್ಟಾಗಲು ಮತ್ತೆ ಎರಡು ವರ್ಷ ಹಿಡಿಯಿತು. ಒಂದು ಕಂತಿಗೆ ಆಕೆಗೆ ನಾಲ್ಕೈದು ದಿನ ಬೇಕಾಗುತ್ತಿತ್ತು. ನಾನು ತಡೆಯಲಾರದೆ ‘ಅವ್ವಾ, ಈ ವಾರ ಏನಾತು ಗೊತ್ತದೇನು...’ ಎಂದು ಬಾಯಿ ತೆರೆದರೆ ಹಿಟ್ಟಿನ ಕೈ ಎತ್ತಿ ತಡೆಯುತ್ತಿದ್ದಳು: ‘ಹೇಳಬ್ಯಾಡ. ನಾ ಇನ್ನಾ ಅಲ್ಲಿಗಿ ಮುಟ್ಟಿಲ್ಲ.’ ಒಲೆಯ ಮುಂದೆ ನನಗೆ ಕೆಲಸವಿಲ್ಲದಂತಾಯಿತು. ಸಂತೋಷಪಡಬೇಕಾದದ್ದು. ಪಟ್ಟೆ. ಜತೆಗೆ ಸ್ವಲ್ಪ ಬೇಸರವೂ ಆಯಿತು, ಅದನ್ನು ಯಾಕೆ ಮುಚ್ಚಿಡಲಿ?

‘ಅದಿರಲಿ ಮುತ್ಯಾ, ಆಯಿ ಮತ್ತ ಒಬ್ಬಾಕೀನೇ ಬಸ್ಸಿಗಿ ಹೋದಳೇನು?’ ಎಂದು ಮೊಮ್ಮಗಳು ಕೇಳಿದಳು.

ಹೋದಳು. ನಾಲ್ಕು ತಿಂಗಳ ಮೇಲೆ ಅದೇ ತಂಗಿಯ ಮಗಳ ಕೂಸಿನ ತೊಟ್ಟಿಲು. ಅಂದು ಭಾನುವಾರ, ನನಗೆ ರಜೆಯಿತ್ತು. ‘ನೀ ಬರಬ್ಯಾಡ’ ಎಂದು ಕಟ್ಟಪ್ಪಣೆ ಮಾಡಿದಳು. ನಾನು ಮನೆಯಲ್ಲಿ ಕೂಡಲಾರದೆ ಸೈಕಲ್ ತೆಗೆದುಕೊಂಡು ಹಿಂದೆಯೇ ಹೋಗಿ, ಬಸ್ ಸ್ಟ್ಯಾಂಡಿನ ಕಂಬದ ಮರೆಯಲ್ಲಿ ನಿಂತೆ.

ಒಂದು ಬಸ್ಸು ಬಂದು ನಿಂತಿತು. ‘ಗುಲ್ಬರ್ಗಾ – ಜೇವರ್ಗಿ – ಶಹಾಪುರ’. ಅವ್ವ ಚೀಲ ಕೆಳಗಿಟ್ಟು ಬೋರ್ಡಿನ ಕೆಳಗೆ ಹೋಗಿ ನಿಂತಳು. ತುಟಿ ಅಲುಗಾಡುತ್ತಿದ್ದವು. ಮೊದಲಿನದು ಮುಗಿಸಿದಳು, ಎರಡನೆಯದು ಮುಗಿಸಿದಳು. ಜನ ಆಕೆಯನ್ನು ದಾಟಿಕೊಂಡು ಹತ್ತಿದರು. ಕಂಡಕ್ಟರ್ ‘ಜೇವರ್ಗಿ, ಜೇವರ್ಗಿ’ ಎಂದು ಕೂಗುತ್ತಿದ್ದ. ಆಕೆ ಆತನ ಕಡೆ ನೋಡಲಿಲ್ಲ. ಮೂರನೆಯದಕ್ಕೆ ಬಂದಿದ್ದಳು. ಶ... ಹಾ... ಅಷ್ಟರಲ್ಲಿ ಸೀಟಿ ಹೊಡೆಯಿತು, ಬಸ್ಸು ಹೊರಟಿತು. ಓಡಿಹೋಗಿ ನಿಲ್ಲಿಸಬೇಕೆಂದು ಕಾಲು ಮುಂದಿಟ್ಟವ ತಡೆದು ನಿಂತೆ.

ಅವ್ವ ಚೀಲ ಎತ್ತಿಕೊಂಡು ಹಿಂದೆ ಸರಿದಳು. ಗಾಬರಿ ಇರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಮುಂದಿನ ಬಸ್ಸು ಬರುವ ದಾರಿ ನೋಡುತ್ತ ನಿಂತಳು.