ಮಾಂಟಿಸೆಲೋ ಬೆಟ್ಟದ ಓಲೆಗಳು

ಅಮೆರಿಕದ ವರ್ಜೀನಿಯಾ ಸಂಸ್ಥಾನದಲ್ಲಿ, ಷಾರ್ಲಟ್ಸ್‌ವಿಲ್ ನಗರದ ಬಳಿಯ ಬೆಟ್ಟದ ನೆತ್ತಿಯಲ್ಲಿ, ಗುಮ್ಮಟವುಳ್ಳ ಇಟ್ಟಿಗೆಯ ಮನೆಯೊಂದಿರುವುದು. ಅದೇ ಮಾಂಟಿಸೆಲೋ. ಆ ದೇಶದ ಮೂರನೆಯ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ನನು ಗುಲಾಮರನ್ನೂ ದುಡಿಸಿ ಕಟ್ಟಿಸಿದ ಈ ಮನೆಯಲ್ಲಿ ವಿಶೇಷವಾಗಿ ನೋಡತಕ್ಕುದು ಅವನ ಬರೆಹದ ಕೋಣೆ. ಅಲ್ಲಿ ಅವನು ಒಂದು ಲೇಖನಿಯಿಂದ ಬರೆಯುತ್ತಿರಲು, ಯಂತ್ರಕ್ಕೆ ಸಿಕ್ಕಿಸಿದ ಇನ್ನೊಂದು ಲೇಖನಿಯು ಅದರ ಪ್ರತಿಯನ್ನು ತೆಗೆಯುತ್ತಿದ್ದಿತು.

ಅವನಿಗಿಂತ ಹಿಂದಿನ ಅಧ್ಯಕ್ಷನಾದ ಜಾನ್ ಆಡಮ್ಸನು ಒಂದು ಕಾಲದಲ್ಲಿ ಅವನ ಆಪ್ತಮಿತ್ರ. 1800ರ ಚುನಾವಣೆಯ ಸ್ಪರ್ಧೆಯಿಂದ ಆ ಸ್ನೇಹವು ಮುರಿಯಿತು. ಇಬ್ಬರಿಗೂ ಬೇಕಾದವನಾಗಿದ್ದ ವೈದ್ಯ ಬೆಂಜಮಿನ್ ರಷ್ಷನ ಪ್ರಯತ್ನದಿಂದ, 1812ರ ಜನವರಿ 1ರಂದು ಆಡಮ್ಸನು ಮಸಾಚುಸೆಟ್ಸ್ ಸಂಸ್ಥಾನದ ಕ್ವಿನ್ಸಿಯಿಂದ ತಾನೇ ಮೊದಲು ಬರೆದನು.

ದಿನವೂ 3-4 ಗಂಟೆ ಕುದುರೆ ಸವಾರಿ ಮಾಡುವೆನು, ಆದರೆ 1 ಮೈಲಿ ನಡೆಯುವುದೂ ಕಷ್ಟವೆಂದು ಜೆಫರ್ಸನ್ನನು ಉತ್ತರವಿತ್ತನು. ತಾನು 3-4 ಮೈಲಿ ನಡೆಯಬಲ್ಲೆನೆಂದೂ, ಕೈನಡುಕ ಮಾತ್ರ ಮಣ್ಣು ಸೇರಿದ ಮೇಲೆಯೇ ವಾಸಿಯಾಗತಕ್ಕುದೆಂದೂ ಆಡಮ್ಸನು ತಿಳಿಸಿದನು.

ಕುಲೀನರಾರು, ಆಳತಕ್ಕವರಾರು ಎಂಬ ವಾದವೂ ನಡೆಯಿತು; ಒಮ್ಮತವಾಗಲಿಲ್ಲ, ಓಲೆಗಳೂ ನಿಲ್ಲಲಿಲ್ಲ. 1818ರಲ್ಲಿ ಆಡಮ್ಸನ ಪತ್ನಿ ಅಬಿಗೇಲಳು ತೀರಿಕೊಂಡಾಗ, ಬಹುಕಾಲದ ಹಿಂದೆಯೇ ಹೆಂಡತಿಯನ್ನು ಕಳೆದುಕೊಂಡಿದ್ದ ಜೆಫರ್ಸನ್ನನು ಸಮದುಃಖಿಯಾಗಿ ಸಂತೈಸಿ ಬರೆದನು.

1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಗೆ 50 ವರ್ಷ ತುಂಬಿದ ದಿನವೇ, ಇಬ್ಬರೂ ತಮ್ಮ ತಮ್ಮ ಮನೆಗಳಲ್ಲಿ ಕಾಲವಾದರು. ಜೆಫರ್ಸನ್ನನ ಸಮಾಧಿಯು ಆ ಬೆಟ್ಟದ ಇಳಿಜಾರಿನಲ್ಲಿಯೇ ಇದೆ. ರಾಜಕೀಯವು ಅಗಲಿಸಿದ ಇಬ್ಬರು ಮುದುಕರನ್ನು ಕ್ಷೇಮಸಮಾಚಾರದ ನಾಲ್ಕು ಸಾಲುಗಳು ಮತ್ತೆ ಕೂಡಿಸಿದುವು.